ಪರಸ್ಥಳದಲ್ಲಿ ಬಾಳಿದ ಅರಿಸ್ಟಾಟಲ್

ಪಾಶ್ಚಾತ್ಯ ಜ್ಞಾನಪರಂಪರೆಗೆ ಅಡಿಗಲ್ಲನ್ನಿಟ್ಟ ಮಹನೀಯರಲ್ಲಿ ಗ್ರೀಸ್ ದೇಶದ ಅರಿಸ್ಟಾಟಲನು ಅಗ್ರಗಣ್ಯನು. ತರ್ಕ, ರಾಜನೀತಿ, ನೀತಿಶಾಸ್ತ್ರ, ಕಾವ್ಯಮೀಮಾಂಸೆ, ಪ್ರಾಣಿಶಾಸ್ತ್ರ, ಇವುಗಳಲ್ಲಿ ಯಾವುದರ ಚರಿತ್ರೆಯನ್ನು ತೆರೆದರೂ ಮೊದಲ ಪುಟಗಳಲ್ಲಿಯೇ ಅವನ ಹೆಸರು ಕಾಣಿಸುತ್ತದೆ. ಶಾಲೆಗೆ ಹೋಗುವ ನಮ್ಮ ಮಕ್ಕಳು ಅವನನ್ನು ಅಲೆಗ್ಸಾಂಡರನ ಗುರುವೆಂದು ಬಲ್ಲರು. ಆದರೆ ಸುಮಾರು ಅರುವತ್ತೆರಡು ವರುಷಗಳ ತನ್ನ ಆಯುಷ್ಯದಲ್ಲಿ ಅರ್ಧಕ್ಕೂ ಮಿಕ್ಕಿದ ಕಾಲವನ್ನು ಅವನು ತನ್ನದಲ್ಲದ ಒಂದು ಊರಿನಲ್ಲಿ, ಅಲ್ಲಿಯ ಪೌರತ್ವವಿಲ್ಲದೆಯೇ ಕಳೆದನೆಂಬ ಸಂಗತಿಯನ್ನು ಅರಿತವರು ಕಡಿಮೆ. ಹುಟ್ಟಿದ ನಾಡನ್ನು ಬಿಟ್ಟು ಮುಂಬಯಿಯಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಈ ಸಂಗತಿ ಹತ್ತಿರವಾದುದು. ವಸ್ತುಗಳು ಹೇಗೆ ಉಂಟಾದುವು, ಹೇಗೆ ಬದಲಾಗುತ್ತವೆ, ಯಾವುದಕ್ಕಾಗಿ ಇವೆ ಎಂಬ ಪ್ರಶ್ನೆಗಳನ್ನು ಅವನಷ್ಟು ಕ್ರಮಬದ್ಧವಾಗಿ ವಿಚಾರಿಸಿದವರು ಅವನಿಗಿಂತ ಮೊದಲು ಗ್ರೀಸಿನಲ್ಲಿ ಇರಲಿಲ್ಲ. ಅವನ ಬಾಳನ್ನೂ ಆ ವಿಚಾರಗಳನ್ನೂ ಜೊತೆಗೂಡಿಸಿ ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ವಾಚಕರ ಮುಂದಿಡುವುದು ನಮ್ಮ ಉದ್ದೇಶವಾಗಿದೆ.

ಅರಿಸ್ಟಾಟಲನು ಕ್ರಿ. ಪೂ. ೩೮೪ರಲ್ಲಿ ಗ್ರೀಸಿನ ಉತ್ತರದ ಕರಾವಳಿಯ ಸ್ಟಗೈರಾ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದನು. ತಂದೆ ನಿಕೋಮಾಕಸನು ಮ್ಯಾಸಿಡೋನಿಯದ ಅರಸನಾದ ಅಮಿಂಟಾಸನ ಆಸ್ಥಾನವೈದ್ಯನಾಗಿದ್ದನು. ವೈದ್ಯನಾದವನು ರೋಗಿಯ ಕಣ್ಣು, ನಾಲಗೆ, ಮೈಬಿಸಿಗಳನ್ನು ತಾನೇ ನೋಡಿ ನಿರ್ಣಯಿಸಬೇಕಾಗುತ್ತದೆಯಲ್ಲವೆ? ಕಣ್ಣಿಗೆ ಕಾಣುವುದನ್ನು ಅಲಕ್ಷಿಸದ ಈ ಸ್ವಭಾವವು ಮಗನಲ್ಲಿ ಕೊನೆಯವರೆಗೂ ಉಳಿದುಬಂದಿತು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನನ್ನು ಪ್ರೊಕ್ಸೆನಸ್ ಎಂಬ ಪೋಷಕನು ಸಾಕಿದನು.

ಹದಿನೇಳನೆಯ ವಯಸ್ಸಿನಲ್ಲಿ, ಕ್ರಿ. ಪೂ. ೩೬೭ರಲ್ಲಿ, ಅವನು ವಿದ್ಯಾರ್ಥಿಯಾಗಿ ಅಥೆನ್ಸಿಗೆ ಬಂದು ಪ್ಲೇಟೋವಿನ ಅಕಾಡೆಮಿಯನ್ನು ಸೇರಿದನು. ಓದಲೆಂದು ಬಂದವನು ಇಪ್ಪತ್ತು ವರುಷ ಅಲ್ಲಿಯೇ ನಿಂತನು. ಅಥೆನ್ಸಿನಲ್ಲಿ ಹೊರಗಿನಿಂದ ಬಂದು ನೆಲಸಿದವರನ್ನು ಮೆಟಿಕರೆಂದು ಕರೆಯುತ್ತಿದ್ದರು. ಮೆಟಿಕನಾದ ಗಂಡಸು ವರುಷಕ್ಕೆ ೧೨ ದ್ರಾಕ್ಮಾ ತಲೆಗಂದಾಯವನ್ನು ತೆರಬೇಕಾಗಿದ್ದಿತು. ತನ್ನ ಪರವಾಗಿ ನಿಲ್ಲಲು ಸ್ಥಳೀಯ ನಾಗರಿಕನೊಬ್ಬನನ್ನು ಗೊತ್ತುಮಾಡಿಕೊಳ್ಳಬೇಕಾಗಿದ್ದಿತು. ಪುರಜನರ ಸಭೆಯಲ್ಲಿ ಅವನಿಗೆ ಮತವಿಲ್ಲ. ವಿಶೇಷ ಅನುಗ್ರಹ ದೊರೆತ ಹೊರತು ಮನೆಯನ್ನಾಗಲಿ ನೆಲವನ್ನಾಗಲಿ ತನ್ನ ಹೆಸರಿಗೆ ಮಾಡಿಕೊಳ್ಳುವ ಹಕ್ಕೂ ಇಲ್ಲ. ರಾಜ್ಯಾಡಳಿತವನ್ನು ಕುರಿತು ಎರಡು ಸಾವಿರ ವರುಷಗಳಿಂದ ಓದಲ್ಪಡುತ್ತಿರುವ ಗ್ರಂಥವನ್ನು ಬರೆದವನಿಗೆ ತಾನಿದ್ದ ರಾಜ್ಯದ ಆಡಳಿತದಲ್ಲಿ ಕೈಯೆತ್ತುವ ಅಧಿಕಾರವಿರಲಿಲ್ಲ.

ಅಕಾಡೆಮಿಯಲ್ಲಿ ಅವನ ಮುಂದೆ ಇದ್ದ ದೊಡ್ಡ ಸಮಸ್ಯೆ ಪರಿವರ್ತನೆಯದು. ಹಿಂದಿನವರು ಅದನ್ನು ನಾನಾ ಬಗೆಯಾಗಿ ಬಿಡಿಸಲು ಯತ್ನಿಸಿದ್ದರು. ಥೇಲೀಸನು ಎಲ್ಲಕ್ಕೂ ನೀರೇ ಮೂಲವೆಂದು ಬಗೆದನು. ಹೆರಾಕ್ಲಿಟಸನ ದೃಷ್ಟಿಯಲ್ಲಿ ಜಗತ್ತೆಲ್ಲ ಹರಿಯುವ ಹೊಳೆಯಂತೆ. ಯಾವುದೂ ನಿಂತಲ್ಲಿ ನಿಲ್ಲದು. ಪಾರ್ಮೆನಿಡೀಸನಾದರೋ ಇಲ್ಲದುದರಿಂದ ಏನೂ ಹುಟ್ಟಲಾರದು, ಇರುವುದು ಹೊಸದಾಗಿ ಹುಟ್ಟಬೇಕಾಗಿಲ್ಲ, ಆದುದರಿಂದ ಪರಿವರ್ತನೆಯೇ ಭ್ರಮೆ ಎಂದು ಸಾಧಿಸಿದನು. ಎಂಪಿಡಾಕ್ಲೀಸನು ಮಣ್ಣು, ನೀರು, ಗಾಳಿ, ಬೆಂಕಿಗಳೆಂಬ ನಾಲ್ಕು ಭೂತಗಳ ಕೂಡುವಿಕೆ ಅಗಲುವಿಕೆಗಳಿಂದ ಎಲ್ಲವನ್ನೂ ವಿವರಿಸಲು ಹೊರಟನು. ಪ್ಲೇಟೋವಿನ ಮತದಲ್ಲಿ ಬದಲಾಗದ ನಿಜರೂಪಗಳು ಇಂದ್ರಿಯಗಳಿಗೆ ಎಟುಕದ ಬೇರೆ ನೆಲೆಯಲ್ಲಿವೆ. ನಾವು ಕಾಣುವ ವಸ್ತುಗಳು ಅವುಗಳ ನೆರಳು ಮಾತ್ರ. ನಮ್ಮ ದೇಶದಲ್ಲಿಯೂ ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿದೆಯೆಂದು ಸಾಂಖ್ಯರೂ, ಅದು ಹೊಸದಾಗಿ ಹುಟ್ಟುತ್ತದೆಯೆಂದು ನೈಯಾಯಿಕರೂ, ಎಲ್ಲವೂ ಕ್ಷಣಿಕವೆಂದು ಬೌದ್ಧರೂ ವಾದಿಸಿದುದನ್ನು ಬಲ್ಲವರಿಗೆ ಈ ಚರ್ಚೆ ಅಪರಿಚಿತವೆನಿಸದು.

ಕ್ರಿ. ಪೂ. ೩೪೭ರ ಸುಮಾರಿಗೆ ಪ್ಲೇಟೋ ತೀರಿಕೊಂಡನು. ಅಕಾಡೆಮಿಯ ಯಜಮಾನಿಕೆ ಅವನ ಸೋದರಿಯ ಮಗನಾದ ಸ್ಪ್ಯೂಸಿಪ್ಪಸನಿಗೆ ಹೋಯಿತು. ಮ್ಯಾಸಿಡೋನಿಯದ ಅರಸ ಫಿಲಿಪ್ಪನ ದಂಡಯಾತ್ರೆಗಳಿಂದಾಗಿ ಆ ದೇಶದ ಸಂಬಂಧವಿದ್ದವರನ್ನು ಅಥೆನ್ಸಿನ ಜನ ಸಂಶಯದಿಂದ ನೋಡುತ್ತಿದ್ದ ಕಾಲವದು. ಅರಿಸ್ಟಾಟಲನು ಊರು ಬಿಟ್ಟು ಏಷ್ಯಾಮೈನರಿನ ಕರಾವಳಿಯ ಅಸಾಸ್ ಪಟ್ಟಣಕ್ಕೆ ಹೋದನು. ಅಲ್ಲಿಯ ಒಡೆಯ ಹರ್ಮಿಯಾಸನು ಅವನ ಸ್ನೇಹಿತ. ಹರ್ಮಿಯಾಸನ ಮನೆತನದ ಪಿಥಿಯಾಸಳನ್ನು ಅವನು ಮದುವೆಯಾದನು. ತರುವಾಯ ಎದುರಿನ ಲೆಸ್ಬಾಸ್ ದ್ವೀಪಕ್ಕೆ ಹೋಗಿ, ಆ ದ್ವೀಪದವನೇ ಆದ ಥಿಯೋಫ್ರಾಸ್ಟಸನೊಡನೆ ಜೀವಿಗಳ ಪರಿಶೀಲನೆಯಲ್ಲಿ ತೊಡಗಿದನು.

ಈ ಕಾಲದ ಅವನ ದುಡಿಮೆಯನ್ನು ನೆನೆದರೆ ಆಶ್ಚರ್ಯವಾಗುತ್ತದೆ. ತತ್ತ್ವಜ್ಞಾನಿಯೆಂದರೆ ಕಣ್ಣು ಮುಚ್ಚಿ ಕುಳಿತವನೆಂದು ನಾವು ಭಾವಿಸುವುದುಂಟು. ಅರಿಸ್ಟಾಟಲನು ಬೆಸ್ತರನ್ನು ವಿಚಾರಿಸಿ, ಮೀನುಗಳನ್ನು ಕೊಯ್ದು ನೋಡಿ, ಕಂಡುದನ್ನು ಬರೆದಿಟ್ಟನು. ಶಾರ್ಕ್ ಮೀನಿನ ಒಂದು ಜಾತಿಯಲ್ಲಿ ಮರಿಯು ತಾಯ ಹೊಟ್ಟೆಯಲ್ಲಿ ಹೊಕ್ಕುಳಬಳ್ಳಿಯಿಂದ ಅಂಟಿಕೊಂಡಿರುತ್ತದೆಂದು ಅವನು ಬರೆದುದನ್ನು ಬಹುಕಾಲ ಯಾರೂ ನಂಬಿರಲಿಲ್ಲ. ೧೮೪೨ರ ಸುಮಾರಿಗೆ ಯೊಹಾನೆಸ್ ಮುಲ್ಲರ್ ಎಂಬ ಜರ್ಮನ್ ವಿಜ್ಞಾನಿ ಅದು ನಿಜವೆಂದು ತೋರಿಸಿಕೊಟ್ಟನು. ಕಾವಿಗಿಟ್ಟ ಕೋಳಿಮೊಟ್ಟೆಯಲ್ಲಿ ಮೂರು ದಿನಗಳ ಮೇಲೆ ಹೃದಯವು ಮಿಡಿಯುವ ನೆತ್ತರ ಚುಕ್ಕೆಯಂತೆ ಕಾಣಿಸಿಕೊಳ್ಳುವುದನ್ನೂ, ದಿನ ಕಳೆದಂತೆ ಕಣ್ಣು, ತಲೆ, ಗರಿಗಳು ಮೂಡುವುದನ್ನೂ ಅವನು ಕ್ರಮವಾಗಿ ವರ್ಣಿಸಿದ್ದಾನೆ. ಪರಿವರ್ತನೆಯು ಭ್ರಮೆಯೋ ನಿಜವೋ ಎಂಬ ವಾದಕ್ಕೆ ಮೊಟ್ಟೆಯೊಳಗಣ ಆ ಮಿಡಿತವೇ ಸಾಕಾದ ಉತ್ತರವಾಗಿದ್ದಿತು.

ಇಂಥ ಪರಿಶೀಲನೆಗಳ ಹಿನ್ನೆಲೆಯಲ್ಲಿ ಅವನ ನಾಲ್ಕು ಕಾರಣಗಳ ಸಿದ್ಧಾಂತವನ್ನು ತಿಳಿಯಬೇಕು. ಅವನು ಕಂಚಿನ ಪ್ರತಿಮೆ, ಮನೆ ಮೊದಲಾದುವನ್ನು ಉದಾಹರಿಸಿದ್ದಾನೆ. ನಾವು ನಮ್ಮ ಮನೆಗಳ ಪೆಟ್ಟಿಗೆಯಲ್ಲಿರುವ ಒಂದು ಇಳಕಲ್ ಸೀರೆಯನ್ನು ತೆಗೆದುಕೊಳ್ಳೋಣ. ಈ ಸೀರೆ ಏಕೆ ಹೀಗಿದೆ ಎಂದು ಯಾರಾದರೂ ಕೇಳಿದರೆ ನಾಲ್ಕು ಬಗೆಯಾಗಿ ಉತ್ತರ ಕೊಡಬಹುದು. ಹತ್ತಿಯ ನೂಲು, ರೇಷ್ಮೆಯ ನೂಲು ಇದ್ದುದರಿಂದ ಸೀರೆಯಾಯಿತು ಎನ್ನುವುದು ಒಂದು. ಇದು ಉಪಾದಾನ ಕಾರಣ. ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಸೇರಿಸುವ ಆ ಊರಿನ ವಿಶಿಷ್ಟ ವಿನ್ಯಾಸದಿಂದ ಇದು ಇಳಕಲ್ ಸೀರೆಯಾಯಿತು ಎನ್ನುವುದು ಎರಡನೆಯದು, ಇದು ರೂಪಕಾರಣ. ಅದೇ ನೂಲಿಗೆ ಬೇರೆ ರೂಪವನ್ನು ಕೊಟ್ಟಿದ್ದರೆ ಪಂಚೆಯಾಗುತ್ತಿತ್ತು. ನೇಕಾರನು ಮಗ್ಗದಲ್ಲಿ ಕುಳಿತು ನೇಯ್ದುದರಿಂದ ಆಯಿತು ಎನ್ನುವುದು ಮೂರನೆಯದು, ಇದು ನಿಮಿತ್ತಕಾರಣ. ಉಡುವುದಕ್ಕಾಗಿ, ಮಗಳ ಮದುವೆಗಾಗಿ ಆಯಿತು ಎನ್ನುವುದು ನಾಲ್ಕನೆಯದು, ಇದನ್ನು ಪ್ರಯೋಜನಕಾರಣವೆನ್ನಬಹುದು. ನಾಲ್ಕರಲ್ಲಿ ಒಂದನ್ನು ಬಿಟ್ಟರೂ ಸೀರೆಯ ತಿಳಿವಳಿಕೆ ಪೂರ್ತಿಯಾಗದು.

ನಮ್ಮ ನ್ಯಾಯಶಾಸ್ತ್ರದವರೂ ಬಟ್ಟೆಯನ್ನೇ ಉದಾಹರಿಸುತ್ತಾರೆಂಬುದು ಸ್ವಾರಸ್ಯಕರ. ಬಟ್ಟೆಗೆ ನೂಲು ಸಮವಾಯಿ ಕಾರಣ, ನೂಲುಗಳ ಸಂಯೋಗ ಅಸಮವಾಯಿ ಕಾರಣ, ನೇಕಾರನೂ ಅವನ ಉಪಕರಣಗಳೂ ನಿಮಿತ್ತ ಕಾರಣ ಎಂದು ಅವರು ಮೂರನ್ನು ಎಣಿಸಿದರು. ಎರಡು ಎಣಿಕೆಗಳೂ ಪೂರ್ತಿಯಾಗಿ ಒಂದೇ ಅಲ್ಲ. ಅರಿಸ್ಟಾಟಲನು ಪ್ರಯೋಜನವನ್ನು ಪ್ರತ್ಯೇಕವಾದ ಕಾರಣವೆಂದು ಗಣಿಸಿದನು. ಅದು ಅವನ ವಿಶೇಷ. ಆರೋಗ್ಯಕ್ಕಾಗಿ ಒಬ್ಬನು ನಡೆದಾಡುತ್ತಾನೆ. ಆರೋಗ್ಯವು ಮುಂದೆ ಬರಬೇಕಾದುದು. ಆದರೂ ಈಗಿನ ನಡಿಗೆಗೆ ಅದೇ ಕಾರಣ.

ಹಾಗೆಂದು ನಡೆದುದೆಲ್ಲವೂ ಉದ್ದೇಶಪೂರ್ವಕವೆಂದು ಅವನು ಹೇಳಲಿಲ್ಲ. ಆಕಸ್ಮಿಕಕ್ಕೆ ಅವನು ಕೊಟ್ಟ ಉದಾಹರಣೆ ಈ ಬಗೆಯದು. ಒಬ್ಬನು ಬೇರೆ ಕೆಲಸಕ್ಕೆಂದು ಪೇಟೆಗೆ ಹೋಗುತ್ತಾನೆ; ಅಲ್ಲಿ ತನಗೆ ಹಣ ಕೊಡಬೇಕಾದವನು ಎದುರಾಗಿ ಸಾಲ ವಸೂಲಾಗುತ್ತದೆ. ತರಕಾರಿಗೆಂದು ದಾದರಿಗೆ ಹೋದವರಿಗೂ ಇಂಥ ಭಾಗ್ಯ ಒದಗುವುದುಂಟು. ಇಬ್ಬರೂ ಅಲ್ಲಿಗೆ ಬರಲು ಅವರವರ ಕಾರಣಗಳಿದ್ದುವು. ಭೇಟಿಯನ್ನು ಮಾತ್ರ ಯಾರೂ ಉದ್ದೇಶಿಸಿರಲಿಲ್ಲ. ಅದೃಷ್ಟವೆಂಬುದು ಬೇರೊಂದು ಶಕ್ತಿಯಾಗಿರದೆ ಹೀಗೆ ಬೇರೆ ಬೇರೆ ಕಾರಣಗಳು ಒಂದೆಡೆ ಕೂಡುವುದರಿಂದ ಉಂಟಾಗುವುದೆಂದು ಅವನ ಅಭಿಪ್ರಾಯ.

ಪರಿವರ್ತನೆಯ ಸಮಸ್ಯೆಯನ್ನು ಅವನು ಶಕ್ತಿ ಮತ್ತು ಸಿದ್ಧಿ ಎಂಬ ಎರಡು ಕಲ್ಪನೆಗಳಿಂದ ಬಿಡಿಸಿದನು. ತೆಂಗಿನಕಾಯಿಯು ಮರವಲ್ಲ, ಆದರೆ ಮರವಾಗುವ ಶಕ್ತಿ ಅದರಲ್ಲಿದೆ. ಕಲ್ಲಿನ ಗುಂಡಿನಲ್ಲಿ ಆ ಶಕ್ತಿಯಿಲ್ಲ. ಆದುದರಿಂದ ಮರವು ಶೂನ್ಯದಿಂದ ಹುಟ್ಟಿತೆನ್ನಬೇಕಾಗಿಲ್ಲ, ಮೊದಲೇ ಮರವಾಗಿದ್ದಿತೆಂದೂ ಹೇಳಬೇಕಾಗಿಲ್ಲ. ಶಕ್ತಿರೂಪದಲ್ಲಿದ್ದುದು ಸಿದ್ಧಿಗೆ ಬರುವುದೇ ಪರಿವರ್ತನೆ. ಪಾರ್ಮೆನಿಡೀಸನು ಕಟ್ಟಿದ ಗಂಟು ಹೀಗೆ ಸಡಿಲವಾಯಿತು. ೧೯೫೬ರ ನವೆಂಬರ್ ೧ರಂದು ಆದುದನ್ನು ಈ ದೃಷ್ಟಿಯಿಂದ ನೋಡಬಹುದು. ಮೈಸೂರು, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಹೈದರಾಬಾದಿನ ಕನ್ನಡ ಜಿಲ್ಲೆಗಳು, ದಕ್ಷಿಣ ಕನ್ನಡ, ಕೊಡಗು ಎಂದು ಹಂಚಿಹೋಗಿದ್ದ ಜನರೂ ನೆಲವೂ ಭಾಷೆಯೂ ಅದಕ್ಕೆ ಮುಂಚೆಯೇ ಇದ್ದುವು. ಒಂದು ರಾಜ್ಯವಾಗುವ ಶಕ್ತಿ ಅವುಗಳಲ್ಲಿದ್ದಿತು. ಹಿರಿಯರ ದಶಕಗಳ ದುಡಿಮೆಯ ನಿಮಿತ್ತದಿಂದ ಆ ಶಕ್ತಿಗೆ ರೂಪ ಬಂದಿತು. ೧೯೭೩ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು.

ಈ ವಿಚಾರದಲ್ಲಿ ಅರಿಸ್ಟಾಟಲನು ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ್ದಾನೆ. ಅದಕ್ಕೆ ಅವನು ಆರಿಸಿದ ಉದಾಹರಣೆ ಅಕ್ಷರವಿದ್ಯೆಯದು. ಮನುಷ್ಯನಾಗಿ ಹುಟ್ಟಿದವನಿಗೆ ಅಕ್ಷರ ಕಲಿಯುವ ಶಕ್ತಿಯಿದೆ. ಇದು ಮೊದಲ ಮಟ್ಟ. ಕಲಿತವನಿಗೆ ಬೇಕೆಂದಾಗ ಓದುವ ಶಕ್ತಿಯಿದೆ. ಇದು ಎರಡನೆಯ ಮಟ್ಟ. ಕಲಿತುದನ್ನು ಈ ಗಳಿಗೆಯಲ್ಲಿ ಉಪಯೋಗಿಸುತ್ತಿರುವವನದು ಮೂರನೆಯ ಮಟ್ಟ. ಪೂರ್ಣವಾದ ಸಿದ್ಧಿಯೆಂದರೆ ಅದೇ. ಈ ಭೇದವು ನಮ್ಮ ಸಂಸಾರಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ವಾಚಕರು ಆಗಲೇ ಊಹಿಸಿರಬಹುದು. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಕನ್ನಡ ಓದುವ ಶಕ್ತಿ ಮೊದಲ ಮಟ್ಟದಲ್ಲಿದೆ. ಊರಿನ ಶಾಲೆಯಲ್ಲಿ ಕಲಿತು ಬಂದು, ವರುಷಗಟ್ಟಲೆ ಕನ್ನಡ ಪುಸ್ತಕವನ್ನು ಮುಟ್ಟದ ದೊಡ್ಡವರು ಎರಡನೆಯ ಮಟ್ಟದಲ್ಲಿ ನಿಂತಿದ್ದಾರೆ.

ಪುನಃ ಅವನ ಬಾಳಿನ ಕಡೆಗೆ ಬರೋಣ. ಕ್ರಿ. ಪೂ. ೩೪೩ರಲ್ಲಿ ಫಿಲಿಪ್ಪನು ತನ್ನ ಮಗನಿಗೆ ಪಾಠ ಹೇಳಲು ಅರಿಸ್ಟಾಟಲನನ್ನು ಕರೆಸಿಕೊಂಡನು. ಅಲೆಗ್ಸಾಂಡರನಿಗೆ ಆಗ ಸುಮಾರು ಹದಿಮೂರು ವರುಷ. ಮೀಜಾ ಎಂಬ ಹಳ್ಳಿಯಲ್ಲಿ ಪಾಠ ನಡೆಯಿತು. ಫಿಲಿಪ್ಪನ ಸೇನೆಯಿಂದ ಹಾಳಾಗಿದ್ದ ಸ್ಟಗೈರವು ಅರಿಸ್ಟಾಟಲನ ಸಲುವಾಗಿ ಮತ್ತೆ ಕಟ್ಟಲ್ಪಟ್ಟಿತೆಂದು ಪ್ಲುಟಾರ್ಕನು ಬರೆದಿದ್ದಾನೆ. ಪರಸ್ಥಳದಲ್ಲಿ ಗಳಿಸಿದ ಗೌರವವನ್ನು ಹುಟ್ಟೂರಿನ ಹಿತಕ್ಕೆ ವಿನಿಯೋಗಿಸಿದ ಪ್ರಸಂಗವಿದು.

ಕ್ರಿ. ಪೂ. ೩೩೫ರಲ್ಲಿ ಅವನು ಅಥೆನ್ಸಿಗೆ ಹಿಂದಿರುಗಿ, ಊರ ಹೊರಗಿನ ಲೈಸಿಯಮ್ ಎಂಬ ತೋಪಿನಲ್ಲಿ ತನ್ನ ಶಾಲೆಯನ್ನು ನಡೆಸತೊಡಗಿದನು. ತೋಪು ಅಪೋಲೋ ದೇವರಿಗೆ ಸೇರಿದ್ದು, ಸಾರ್ವಜನಿಕವಾದ ಸ್ಥಳ. ಸ್ವಂತ ನೆಲವಿಲ್ಲದ ಈ ಶಾಲೆಯಲ್ಲಿ ನಡೆದ ಕೆಲಸ ಅಪಾರ. ೧೫೮ ರಾಜ್ಯಗಳ ಆಡಳಿತ ಪದ್ಧತಿಗಳನ್ನು ಅಲ್ಲಿ ಸಂಗ್ರಹಿಸಲಾಯಿತು. ಅವುಗಳಲ್ಲಿ ಅಥೆನ್ಸಿನದು ಈಜಿಪ್ತಿನ ಮರಳಿನಲ್ಲಿ ಉಳಿದಿದ್ದ ಪಪೈರಸ್ ಸುರುಳಿಗಳಿಂದ ೧೮೯೧ರಲ್ಲಿ ಬೆಳಕಿಗೆ ಬಂದಿತು. ಲೈಸಿಯಮ್ಮಿನ ಅವಶೇಷಗಳು ೧೯೯೬ರಲ್ಲಿ ಅಥೆನ್ಸಿನಲ್ಲಿ ಅಗೆಯುವಾಗ ದೊರೆತುವು.

ಮನುಷ್ಯನ ಬಾಳಿಗೆ ಪ್ರಯೋಜನವೇನೆಂಬುದನ್ನು ಅವನು ನೀತಿಗ್ರಂಥಗಳಲ್ಲಿ ವಿಚಾರಿಸಿದನು. ಹಣ ಇನ್ನೊಂದಕ್ಕಾಗಿ, ಆ ಇನ್ನೊಂದು ಮತ್ತೊಂದಕ್ಕಾಗಿ. ಈ ಸರಪಣಿಗೆ ಕೊನೆಯಿರಬೇಕಲ್ಲವೆ? ತನ್ನ ಸಲುವಾಗಿಯೇ ಬಯಸತಕ್ಕ ಶ್ರೇಯಸ್ಸು ಸದ್ಗುಣಗಳಿಗೆ ಅನುಸಾರವಾಗಿ ಇಡೀ ಆಯುಷ್ಯವನ್ನು ನಡೆಸುವುದರಲ್ಲಿದೆಯೆಂದು ಅವನು ತೀರ್ಮಾನಿಸಿದನು. ಸದ್ಗುಣವು ಅಭ್ಯಾಸದಿಂದ ಬರುವಂಥದು. ವೀಣೆ ಬಾರಿಸಿಯೇ ವೈಣಿಕನಾಗುವಂತೆ ನ್ಯಾಯವಾದ ಕೆಲಸಗಳನ್ನು ಮಾಡಿಯೇ ನ್ಯಾಯವಂತನಾಗಬೇಕು.

ಇಷ್ಟೆಲ್ಲ ತಿಳಿದವನಲ್ಲಿಯೂ ಕುಂದುಗಳಿದ್ದುವು. ಕೆಲವರು ಹುಟ್ಟಿನಿಂದಲೇ ದಾಸರಾಗತಕ್ಕವರೆಂದು ಅವನು ವಾದಿಸಿದನು. ಹೆಂಗಸರ ಬುದ್ಧಿಶಕ್ತಿಯನ್ನು ಕಡಿಮೆಯಾಗಿ ಕಂಡನು. ಯಾರು ಯಾವುದಕ್ಕಾಗಿ ಹುಟ್ಟಿದವರೆಂದು ಇನ್ನೊಬ್ಬರು ನಿರ್ಧರಿಸಹೊರಟರೆ ಪ್ರಯೋಜನದ ವಿಚಾರವೇ ಸಂಕೋಲೆಯಾಗುವುದೆಂಬುದಕ್ಕೆ ಇದು ನಿದರ್ಶನ. ಜಾತಿಯ ಕಟ್ಟನ್ನು ಕಂಡಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಭಾರವಾದ ವಸ್ತುಗಳು ಹೆಚ್ಚು ವೇಗವಾಗಿ ಬೀಳುತ್ತವೆಂಬ ಅವನ ಮಾತನ್ನು ಗೆಲಿಲಿಯೋ ತಿದ್ದಬೇಕಾಯಿತು. ಜೀವಿಗಳ ಅಂಗಗಳು ಅವುಗಳ ಬಾಳಿಗೆ ಅಷ್ಟು ಚೆನ್ನಾಗಿ ಹೊಂದಿರುವುದನ್ನು ಪ್ರಕೃತಿಯ ಉದ್ದೇಶವೆಂದು ಅವನು ವಿವರಿಸಿದನು. ೧೮೫೯ರಲ್ಲಿ ಡಾರ್ವಿನನು ಅದಕ್ಕೆ ನೈಸರ್ಗಿಕ ಆಯ್ಕೆಯೆಂಬ ಬೇರೆ ಕಾರಣವನ್ನು ಕೊಟ್ಟನು. ಆದರೂ ಡಾರ್ವಿನನು ತನ್ನ ಕೊನೆಯ ವರುಷವಾದ ೧೮೮೨ರಲ್ಲಿ ಅರಿಸ್ಟಾಟಲನ ಪ್ರಾಣಿಶಾಸ್ತ್ರವನ್ನು ಓದಿ, ಅದರ ಅನುವಾದಕನಿಗೆ ಬಹಳ ಮೆಚ್ಚುಗೆಯ ಪತ್ರವನ್ನು ಬರೆದನು.

ಕ್ರಿ. ಪೂ. ೩೨೩ರಲ್ಲಿ ಅಲೆಗ್ಸಾಂಡರನು ಬಾಬಿಲೋನಿನಲ್ಲಿ ಸತ್ತ ಸುದ್ದಿ ಬರುತ್ತಲೆ ಅಥೆನ್ಸಿನಲ್ಲಿ ಮ್ಯಾಸಿಡೋನಿಯದ ಮೇಲಣ ದ್ವೇಷ ಭುಗಿಲೆಂದಿತು. ಅನೇಕ ವರುಷಗಳ ಹಿಂದೆ ಪಾರಸಿಕರಿಂದ ಕೊಲ್ಲಲ್ಪಟ್ಟ ಹರ್ಮಿಯಾಸನನ್ನು ಹೊಗಳಿ ಬರೆದ ಕವಿತೆಯನ್ನೇ ನೆಪಮಾಡಿ, ಅರಿಸ್ಟಾಟಲನ ಮೇಲೆ ದೈವದ್ರೋಹದ ಆಪಾದನೆಯನ್ನು ಹೊರಿಸಿದರು. ಕ್ರಿ. ಪೂ. ೩೯೯ರಲ್ಲಿ ಸಾಕ್ರೆಟೀಸನಿಗೆ ವಿಷವಿತ್ತ ನಗರವದು. ಮೂವತ್ತೆರಡು ವರುಷ ಬಾಳಿದ ಊರಿನಲ್ಲಿ ಅವನು ಒಂದೇ ದಿನದಲ್ಲಿ ಹೊರಗಿನವನಾದನು. ತಾಯಿಯ ಕಡೆಯ ಆಸ್ತಿಯಿದ್ದ ಕಾಲ್ಕಿಸ್ ಎಂಬ ಊರಿಗೆ ಹೊರಟುಹೋಗಿ, ಮರುವರುಷ, ಕ್ರಿ. ಪೂ. ೩೨೨ರಲ್ಲಿ, ಅಲ್ಲಿಯೇ ಕಾಲವಾದನು.

ಅವನ ಉಯಿಲು ಉಳಿದುಬಂದಿದೆ. ಹೆಂಡತಿ ಪಿಥಿಯಾಸಳು ಮೊದಲೇ ತೀರಿಕೊಂಡಿದ್ದಳು. ಅವಳ ಅಸ್ಥಿಗಳನ್ನು ತನ್ನ ಸಮಾಧಿಯಲ್ಲಿಯೇ ಇರಿಸಬೇಕೆಂದು ಅವನು ವಿಧಿಸಿದನು. ಅನಂತರ ಅವನ ಸಂಗಡ ಬಾಳಿದ ಹರ್ಪಿಲಿಸಳಿಗೆ ಕಾಲ್ಕಿಸಿನ ಮನೆಯಾಗಲಿ ಸ್ಟಗೈರದ ತಂದೆಯ ಮನೆಯಾಗಲಿ, ಅವಳು ಬಯಸಿದುದು ಸಲ್ಲಬೇಕೆಂದನು. ತನ್ನ ಸೇವೆ ಮಾಡಿದ ಹುಡುಗರನ್ನು ಮಾರಕೂಡದು, ವಯಸ್ಸಿಗೆ ಬಂದ ಮೇಲೆ ಯೋಗ್ಯತೆಯಂತೆ ಬಿಡುಗಡೆ ಮಾಡಬೇಕೆಂದನು. ದಾಸ್ಯವನ್ನು ಸಮರ್ಥಿಸಿದವನ ಕೊನೆಯ ಬರಹ ಅವನ ಸಿದ್ಧಾಂತಕ್ಕಿಂತ ಮೇಲಾಗಿದ್ದಿತು. ಹದಿನೇಳನೆಯ ವಯಸ್ಸಿನಲ್ಲಿ ಬಿಟ್ಟುಬಂದ ಊರಿನ ಮನೆ ಅವನ ಲೆಕ್ಕದಲ್ಲಿ ಕೊನೆಯವರೆಗೂ ಇದ್ದಿತೆಂಬುದನ್ನು ಓದುವಾಗ ನಮ್ಮಲ್ಲಿ ಅನೇಕರಿಗೆ ತಮ್ಮ ಊರಿನ ಮನೆಯ ನೆನಪಾಗದಿರದು.

ಅವನ ಗ್ರಂಥಗಳೂ ಅವನಂತೆಯೇ ಪರಸ್ಥಳಗಳಲ್ಲಿ ಬಾಳಿದುವು. ರೋಡ್ಸ್ ದ್ವೀಪದ ಆಂಡ್ರೊನಿಕಸನು ಕ್ರಿ. ಪೂ. ಒಂದನೆಯ ಶತಮಾನದಲ್ಲಿ ಅವನ್ನು ಸಂಪಾದಿಸಿದನು. ಬಾಗ್ದಾದಿನ ವಿದ್ವಾಂಸರು ಅರಬ್ಬಿಗೆ ತಂದರು. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಇಬ್ನ್ ರುಷ್ದನು ಅವಕ್ಕೆ ವ್ಯಾಖ್ಯಾನ ಬರೆದನು. ಕನ್ನಡಕ್ಕೂ ಗ್ರೀಸಿಗೂ ಸೇತುವೆ ಕಟ್ಟಿದವರು ಬಿ. ಎಂ. ಶ್ರೀಕಂಠಯ್ಯನವರು. ಸೊಫೊಕ್ಲೀಸನ ನಾಟಕದ ಆಧಾರದಿಂದ ಅವರು ೧೯೨೯ರಲ್ಲಿ ‘ಅಶ್ವತ್ಥಾಮನ್’ ಬರೆದರು. ಇಸ್ಕಿಲಸನ ನಾಟಕವನ್ನು ೧೯೩೫ರಲ್ಲಿ ‘ಪಾರಸಿಕರು’ ಎಂದು ಕನ್ನಡಿಸಿದರು. ಒಂದು ಘಟನೆಯಿಂದ ಇನ್ನೊಂದು ಅನಿವಾರ್ಯವಾಗಿಯೋ ಸಂಭಾವ್ಯವಾಗಿಯೋ ಹುಟ್ಟಬೇಕೆಂದು ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ವಿಧಿಸಿದ ರುದ್ರನಾಟಕದ ರುಚಿಯನ್ನು ಕನ್ನಡಿಗರು ಹೀಗೆ ಕಂಡರು.

ಆಂಟಾಪ್ ಹಿಲ್ಲಿನ ಕೇಂದ್ರ ಸರಕಾರಿ ವಸತಿಗಳಲ್ಲಿ ಇರುವವರು ನಿವೃತ್ತಿಯಾದ ಮೇಲೆ ಮನೆಯ ಬೀಗದ ಕೈಯನ್ನು ಒಪ್ಪಿಸಿ ಹೊರಡಬೇಕು. ಬಾಡಿಗೆಯ ಮನೆಗಳವರ ಪಾಡೂ ಇದಕ್ಕೆ ಬಹಳ ದೂರವಿಲ್ಲ. ಈ ನೆಲ ನಮ್ಮದಲ್ಲವೆಂಬ ಯೋಚನೆ ಒಮ್ಮೊಮ್ಮೆ ಎಲ್ಲರನ್ನೂ ಕಾಡುತ್ತದೆ. ಹನ್ನೆರಡು ವರುಷ ಸ್ವಂತದ್ದಲ್ಲದ ತೋಪಿನಲ್ಲಿ ಪಾಠ ಹೇಳಿದವನ ಚರಿತ್ರೆಯನ್ನು ಅಂಥ ವೇಳೆಯಲ್ಲಿ ನೆನೆಯುವುದು ಒಳ್ಳೆಯದು. ಎಲ್ಲಿಂದ ಬಂದೆವೆಂಬುದು ನಮ್ಮ ಉಪಾದಾನ. ಯಾವುದಕ್ಕಾಗಿ ಇಲ್ಲಿ ಕೂಡಿದ್ದೇವೆಂಬುದಕ್ಕೆ ಉತ್ತರವನ್ನು ನಾವೇ ಕೊಡಬೇಕಾಗಿದೆ. ಕನ್ನಡ ಸಂಘವೊಂದಕ್ಕೆ ಸದಸ್ಯರು ಉಪಾದಾನ, ನಿಯಮಾವಳಿ ರೂಪ, ಕಾರ್ಯಕಾರಿ ಮಂಡಲಿ ನಿಮಿತ್ತ. ಇವು ಮೂರೂ ಇದ್ದು ವರುಷಕ್ಕೊಮ್ಮೆ ಮೆರವಣಿಗೆ, ಮನರಂಜನೆ, ಊಟೋಪಚಾರಗಳು ನಡೆದುಹೋಗಬಹುದು. ನಮ್ಮ ಮಕ್ಕಳು ಕನ್ನಡವನ್ನು ಕಲಿಯಬಲ್ಲವರಾಗಿ ಮಾತ್ರ ಉಳಿಯದೆ, ಕಲಿತು ಓದುವವರಾದರೆ ನಾಲ್ಕನೆಯ ಕಾರಣವೂ ಕೂಡಿಬಂದಂತಾಗುತ್ತದೆ. ದಿನಕ್ಕೆ ಅರ್ಧ ಗಂಟೆ ತಂದೆತಾಯಿಗಳು ಮಕ್ಕಳೊಡನೆ ಕುಳಿತು ಒಂದು ಕನ್ನಡ ಪುಸ್ತಕದ ಎರಡು ಪುಟಗಳನ್ನು ಗಟ್ಟಿಯಾಗಿ ಓದಿದರೆ ಅದಕ್ಕೆ ಇಂದೇ ಮೊದಲಾಗಬಹುದು. ಈ ರಾಜ್ಯೋತ್ಸವದಿಂದ ಮುಂದಿನ ರಾಜ್ಯೋತ್ಸವದೊಳಗೆ ನಮ್ಮ ಬಡಾವಣೆಯ ಕನ್ನಡ ಮನೆಗಳಲ್ಲಿ ಇಂಥ ಓದು ರೂಢಿಗೆ ಬರಲೆಂದು ಹಾರೈಸುತ್ತೇವೆ.